ಮಾಗಿಯ ಒಂದು ದಿನ: ಎಡತೊರೆಯಿಂದ ಬೈಲಕುಪ್ಪೆಗೆ

ಮೈಸೂರು ಜಿಲ್ಲೆಯ ಪಡುವಣ ತಾಲ್ಲೂಕುಗಳಿಗೆ ಚಳಿ ಹೊಳೆಯ ಕಡೆಯಿಂದ ಬರುತ್ತದೆ. ಕೆ.ಆರ್. ನಗರಕ್ಕೆ ಕಾವೇರಿ, ಹುಣಸೂರಿಗೆ ಲಕ್ಷ್ಮಣತೀರ್ಥ, ಎಚ್.ಡಿ. ಕೋಟೆಯ ಕಡೆಗೆ ಕಬಿನಿ ಎಂದೂ ಕರೆಯುವ ಕಪಿಲೆ ಮಂಜು ಕಳಿಸುತ್ತವೆ. ಡಿಸೆಂಬರ್ ನಡುವಿನಿಂದ ಜನವರಿ ಮುಗಿಯುವ ತನಕ ಬೆಳಗಿನ ಬಸ್ಸುಗಳು ದೀಪ ಹಾಕಿಕೊಂಡೇ ಊರೊಳಕ್ಕೆ ಬರುತ್ತವೆ. ಡೇರಿಗೆ ಹಾಲಿನ ಕ್ಯಾನು ತೆಗೆದುಕೊಂಡು ಹೊರಟವರು ತಲೆಗೆ ಟವೆಲ್ ಸುತ್ತಿಕೊಂಡಿರುತ್ತಾರೆ. ಹೋಟೆಲಿನ ಮುಂದಿನ ಕಲ್ಲುಬೆಂಚಿನಲ್ಲಿ ಎರಡೂ ಅಂಗೈಯಲ್ಲಿ ಟೀ ಲೋಟ ಹಿಡಿದು ಕೂತವರು ಬಿಸಿಲು ಬರುವ ತನಕ ಏಳುವುದಿಲ್ಲ. ಉಷ್ಣಾಂಶ ಇಳಿದರೆ ಹದಿನೈದು ಹದಿನಾರು ಡಿಗ್ರಿಯ ಆಸುಪಾಸು. ಹಿಮ ಬೀಳುವ ದೇಶದವರಿಗೆ ಇದು ಲೆಕ್ಕಕ್ಕೇ ಇಲ್ಲದ ಚಳಿ. ಆದರೂ ಈ ಸೀಮೆಯಲ್ಲಿ ಜನ ಒಟ್ಟಿಗೆ ಕೂರುವುದು, ಹಾಡುವುದು, ವೇಷ ಕಟ್ಟುವುದು, ತೇರು ಎಳೆಯುವುದು ಬಹುಮಟ್ಟಿಗೆ ಈ ತಿಂಗಳುಗಳಲ್ಲೇ. ಕುಯ್ಲು ಮುಗಿದಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುತ್ತದೆ, ಮಳೆಯ ಭಯ ಇರುವುದಿಲ್ಲ.

ಯುರೋಪಿನ ನಗರಗಳಲ್ಲಿ ಚಳಿಗಾಲ ಕಳೆಯುವುದೇ ಒಂದು ಸಂಸ್ಕೃತಿಯಾಗಿ ಬೆಳೆದಿದೆ. ಕೋಪನ್‌ಹೇಗನ್‌ನಲ್ಲಿ ಡಿಸೆಂಬರ್ ಸೂರ್ಯ ಮಧ್ಯಾಹ್ನ ನಾಲ್ಕರೊಳಗೇ ಮುಳುಗುತ್ತಾನೆ. ಜನ ಮೇಣದಬತ್ತಿ ಹಚ್ಚಿಕೊಂಡು ಮನೆಯೊಳಗೆ, ಕೆಫೆಯೊಳಗೆ ಸೇರಿಕೊಳ್ಳುತ್ತಾರೆ. ಜರ್ಮನಿಯ ಡ್ರೆಸ್ಡೆನ್ ಊರಿನ ಕ್ರಿಸ್‌ಮಸ್ ಸಂತೆಗೆ 1434ರಿಂದ ಇತಿಹಾಸವಿದೆ. ವಿಯೆನ್ನಾದ ಕಾಫಿ ಮನೆಗಳಲ್ಲಿ ಒಂದೇ ಒಂದು ಕಾಫಿ ತರಿಸಿಕೊಂಡು ಇಡೀ ಮಧ್ಯಾಹ್ನ ಪತ್ರಿಕೆ ಓದುತ್ತ ಕೂರಬಹುದು, ಯಾರೂ ಎಬ್ಬಿಸುವುದಿಲ್ಲ. ಆ ಪದ್ಧತಿಯನ್ನು 2011ರಲ್ಲಿ ಆಸ್ಟ್ರಿಯಾ ದೇಶದ ಅಮೂರ್ತ ಪರಂಪರೆಯ ಪಟ್ಟಿಗೇ ಸೇರಿಸಿದರು. ನನ್ನ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು ಸಂಗತಿ. ವಿಯೆನ್ನಾದ ಮೊದಲ ಕಾಫಿ ಮನೆಯನ್ನು 1685ರಲ್ಲಿ ತೆರೆದವನು ಆ ನೆಲದವನಲ್ಲ, ಯೊಹಾನ್ನೆಸ್ ದಿಯೊದಾತೊ ಎಂಬ ಆರ್ಮೇನಿಯನ್ ವ್ಯಾಪಾರಿ. ಹೊರಗಿನಿಂದ ಬಂದವನು ಹಚ್ಚಿದ ಒಲೆಯಲ್ಲಿ ಊರಿಗೆ ಊರೇ ಮೈ ಕಾಯಿಸಿಕೊಂಡಿತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಓಡಾಡುವಾಗೆಲ್ಲ ನನಗೆ ಈ ವ್ಯಾಪಾರಿ ನೆನಪಾಗುತ್ತಾನೆ. ಇಲ್ಲಿಯೂ ಮನಸ್ಸಿಗೆ ಹಿತವಾಗುವ ಎಷ್ಟೋ ಜಾಗಗಳ ಹಿಂದೆ ನೆಲೆ ತಪ್ಪಿದ ಯಾರೋ ಇದ್ದಾರೆ. ಹೊಳೆಗೆ ಊರು ಕಳೆದುಕೊಂಡವರು, ದೇಶವನ್ನೇ ಬಿಟ್ಟು ಬಂದವರು, ಅಣೆಕಟ್ಟೆಗೆ ಹೊಲ ಕೊಟ್ಟವರು, ಕಾಡಿನಿಂದ ಆಚೆಗೆ ಬರಬೇಕಾಗಿ ಬಂದವರು. ಅವರು ಮತ್ತೆ ಕಟ್ಟಿಕೊಂಡ ಅಂಗಳಗಳಲ್ಲಿ ನಾವು ಹೋಗಿ ಕೂರುತ್ತೇವೆ. ಮಾಗಿಯ ಒಂದು ದಿನ ಬಿಡುವಿದ್ದರೆ ಇವನ್ನು ನೋಡಿಕೊಂಡು ಬರಬೇಕು. ಆದರೆ ಒಂದೇ ದಿನದಲ್ಲಿ ನಾಲ್ಕೂ ತಾಲ್ಲೂಕು ಮುಗಿಸುವ ಹಟ ಬೇಡ. ಹಾಗೆ ಹೊರಟವರು ರಸ್ತೆಯನ್ನಷ್ಟೇ ನೋಡಿ ಬರುತ್ತಾರೆ. ಎಚ್.ಡಿ. ಕೋಟೆಗೆ ಬೇರೆ ದಿನ ಇಟ್ಟುಕೊಳ್ಳಿ. ಮೊದಲ ದಿನದ ದಾರಿ ಕೆ.ಆರ್. ನಗರದಿಂದ ಶುರುವಾಗಿ, ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು, ಟಿಬೆಟನ್ನರ ನೆಲೆಯಾದ ಬೈಲಕುಪ್ಪೆಯಲ್ಲಿ ಮುಗಿಯಲಿ.

ನಾಲ್ಕರಲ್ಲಿ ರೈಲು ಇರುವುದು ಕೆ.ಆರ್. ನಗರಕ್ಕೆ ಮಾತ್ರ. ಮೈಸೂರಿನಿಂದ ಹಾಸನ, ಅರಸೀಕೆರೆ ಕಡೆಗೆ ಹೋಗುವ ಬೆಳಗಿನ ಗಾಡಿ ಹತ್ತಿದರೆ ಮಂಜು ಕರಗುವ ಮೊದಲೇ ಇಳಿಯಬಹುದು. ಬೀದಿಗಳ ಅಗಲ, ಅವು ನೇರವಾಗಿ ಒಂದನ್ನೊಂದು ಕತ್ತರಿಸುವ ರೀತಿ ನೋಡಿದರೇ ಇದು ತಾನಾಗಿ ಬೆಳೆದ ಊರಲ್ಲ, ನಕ್ಷೆ ಹಾಕಿ ಕಟ್ಟಿದ ಊರು ಎಂದು ತಿಳಿಯುತ್ತದೆ. ಹಳೆಯ ಊರು ಎಡತೊರೆ. ಅದು ಕಾವೇರಿಯ ದಂಡೆಗೇ ಅಂಟಿಕೊಂಡಿತ್ತು. ಹೊಳೆ ನುಗ್ಗಿ ಊರು ಹಾಳಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಜನರನ್ನು ಎತ್ತರದ ಜಾಗಕ್ಕೆ ಸಾಗಿಸಿ ಹೊಸ ಪೇಟೆ ಕಟ್ಟಲಾಯಿತು. ಅವರ ಹೆಸರೇ ಊರಿನ ಹೆಸರಾಯಿತು. ಎಡತೊರೆಯ ಅರ್ಕೇಶ್ವರ ಮಾತ್ರ ಜಾಗ ಬಿಡಲಿಲ್ಲ. ದೇವಸ್ಥಾನ ಹೊಳೆಯ ಬಳಿಯೇ ಉಳಿಯಿತು, ಭಕ್ತರು ಮೇಲೆ ಹೋದರು. ಬೆಳಗಿನ ಏಳು ಗಂಟೆಗೆ ಆ ದೇವಸ್ಥಾನದ ಪ್ರಾಕಾರದಲ್ಲಿ ಕೂತರೆ ಪೂಜೆಗೆ ಬಂದ ಹಿರಿಯರು ಒಬ್ಬಿಬ್ಬರಾದರೂ ಸಿಗುತ್ತಾರೆ. ಮಾತಿಗೆ ಕೂತರೆ ನೀವು ಯಾವ ಊರಿನವರು ಎಂದು ವಿಚಾರಿಸಿ, ಆಮೇಲೆ ತಮ್ಮ ಊರು ಎಲ್ಲಿತ್ತು ಎಂದು ಹೊಳೆಯ ಕಡೆ ಕೈ ತೋರಿಸುತ್ತಾರೆ.

ಈ ತಾಲ್ಲೂಕನ್ನು ಭತ್ತದ ಕಣಜ ಎನ್ನುತ್ತಾರೆ. ಡಿಸೆಂಬರ್‌ನಲ್ಲಿ ಬಂದರೆ ಆ ಮಾತು ಎಷ್ಟು ನಿಜ ಎಂದು ಮೂಗಿಗೇ ಗೊತ್ತಾಗುತ್ತದೆ: ಎತ್ತ ತಿರುಗಿದರೂ ಹೊಸ ಹುಲ್ಲಿನ ವಾಸನೆ. ಕಟಾವಿನ ಯಂತ್ರ ಬಂದ ಮೇಲೆ ಸಗಣಿ ಸಾರಿಸಿದ ಕಣ ಅಪರೂಪವಾಗಿದೆ. ಆದರೆ ಹುಲ್ಲಿನ ಮೆದೆ ಒಟ್ಟುವುದು ನಿಂತಿಲ್ಲ. ಒಬ್ಬ ಮೇಲೆ ನಿಂತು ತುಳಿಯುತ್ತಾನೆ, ಇಬ್ಬರು ಕೆಳಗಿನಿಂದ ಹೊರೆ ಎಸೆಯುತ್ತಾರೆ, ಬಿಸಿಲು ಏರುವ ಮೊದಲೇ ಕೆಲಸ ಮುಗಿಯಬೇಕು. ಆ ಹೊತ್ತಿಗೆ ಮನೆಯಿಂದ ಹೊಸ ಅಕ್ಕಿಯ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬರುತ್ತದೆ. ಇದೇ ಕಾಲದಲ್ಲಿ ಸೊಗಡಿನ ಅವರೆಯೂ ಪೇಟೆಗೆ ಇಳಿದಿರುತ್ತದೆ. ಇಬ್ಬನಿ ಬಿದ್ದ ಕಾಯಿಗೆ ಮಾತ್ರ ಆ ಸೊಗಡು ಎಂದು ಹೆಂಗಸರು ಹೇಳುತ್ತಾರೆ. ಸಂಜೆ ಜಗಲಿಯಲ್ಲಿ ಅವರೆ ಸುಲಿಯುತ್ತ, ಹಿತಕುತ್ತ ಅಕ್ಕಪಕ್ಕದ ಮನೆಯವರು ಕೂಡುವ ಹೊತ್ತು ಈ ಸೀಮೆಯ ನಿಜವಾದ ಚಳಿಗಾಲದ ಸಭೆ. ಅದಕ್ಕೆ ಹಾಲ್ ಬೇಡ, ಟಿಕೆಟ್ ಬೇಡ.

ಹಳ್ಳಿಗಳಲ್ಲಿ ಇನ್ನೊಂದು ಸಭೆ ಬೆಳಗಿನ ಜಾವದ್ದು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಊರಿಗೊಂದು ರಾಮಮಂದಿರ ಇರುವುದು ಹಳೇ ಮೈಸೂರಿನ ವಿಶೇಷ. ಅಲ್ಲಿ ಸೂರ್ಯ ಹುಟ್ಟುವ ಮೊದಲೇ ಭಜನೆ, ಆಮೇಲೆ ಮುತ್ತುಗದ ಎಲೆಯ ಮೇಲೋ ಅಂಗೈಯ ಮೇಲೋ ಹುಗ್ಗಿ. ಹೊಸಬರು ಬಾಗಿಲಲ್ಲಿ ನಿಂತರೆ, 'ಬನ್ನಿ, ಒಳಿಕ್ ಬನ್ನಿ, ಚಳಿಲಿ ಯಾಕ್ ನಿಂತಿದ್ದೀರಿ' ಎನ್ನುತ್ತಾರೆ. ಆ ಹುಗ್ಗಿಗೆ ಮೆಣಸು ಸ್ವಲ್ಪ ಜಾಸ್ತಿಯೇ ಹಾಕಿರುತ್ತಾರೆ. ಅದು ಇರಬೇಕಾದದ್ದೇ ಹಾಗೆ.

ಜನವರಿ ಮೊದಲೆರಡು ವಾರವಾದರೆ ಕೆ.ಆರ್. ನಗರದಿಂದ ಚುಂಚನಕಟ್ಟೆಗೆ ಹೋಗದೆ ಬರಬಾರದು. ಕಾವೇರಿ ಇಲ್ಲಿ ಬಂಡೆಗಳ ನಡುವೆ ಎರಡು ಕವಲಾಗಿ ಧುಮುಕುತ್ತಾಳೆ. ದಂಡೆಯ ಮೇಲೆ ಕೋದಂಡರಾಮನ ಗುಡಿ. ಬೇರೆ ಕಡೆ ರಾಮನ ಎಡಕ್ಕೆ ನಿಲ್ಲುವ ಸೀತೆ ಇಲ್ಲಿ ಬಲಕ್ಕೆ ನಿಂತಿದ್ದಾಳೆ, ಜೊತೆಗೆ ಹನುಮ ಇಲ್ಲ. ಚುಂಚ, ಚುಂಚಿ ಎಂಬ ಕಾಡಿನ ದಂಪತಿಯ ಕಥೆಯನ್ನು ಸ್ಥಳದವರು ಹೇಳುತ್ತಾರೆ. ಊರಿನ ಹೆಸರು ಅವರದೇ. ವನವಾಸದಲ್ಲಿದ್ದ ರಾಮ ಬಂದು ತಂಗಿದ್ದು ಅವರ ಜಾಗದಲ್ಲಿ ಎಂಬುದು ಕಥೆಯ ತಿರುಳು. ಮನೆ ಬಿಟ್ಟು ಬಂದ ರಾಜಕುಮಾರನಿಗೆ ಕಾಡಿನವರು ನೆಲೆ ಕೊಟ್ಟರು ಎನ್ನುವ ಕಥೆ ಈ ಸೀಮೆಯಲ್ಲಿ ಹುಟ್ಟಿದ್ದು ಸಹಜವೇ ಎನ್ನಿಸುತ್ತದೆ.

ಸಂಕ್ರಾಂತಿಯ ಆಸುಪಾಸಿನ ದನಗಳ ಜಾತ್ರೆಯೇ ಚುಂಚನಕಟ್ಟೆಯ ದೊಡ್ಡ ಹಬ್ಬ. ಹಳ್ಳಿಕಾರ್ ಎತ್ತುಗಳ ಜೋಡಿಗಳನ್ನು ಸುತ್ತಲ ತಾಲ್ಲೂಕುಗಳಿಂದ ತರುತ್ತಾರೆ. ಒಳ್ಳೆಯ ಜೋಡಿಗೆ ಬೆಲೆ ಲಕ್ಷಗಳಲ್ಲೇ. ಅನುಕೂಲಸ್ಥರು ತಮ್ಮ ಎತ್ತುಗಳಿಗೆ ಪೆಂಡಾಲ್ ಹಾಕಿ, ಕೊಂಬಿಗೆ ಕಳಸ, ಕೊರಳಿಗೆ ಗೆಜ್ಜೆ ಕಟ್ಟಿ, ವಾದ್ಯ ಹೊಡೆಸಿಕೊಂಡು ಮೆರವಣಿಗೆಯಲ್ಲಿ ಕರೆತರುತ್ತಾರೆ. ವ್ಯಾಪಾರ ನೋಡಬೇಕು. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುವುದು: ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ. ಆಮೇಲೆ ಸುಳಿ ನೋಡುವುದು. ಕೊನೆಗೆ ಕೊಳ್ಳುವವರ ಕೈ ಮಾರುವವರ ಕೈ ಟವೆಲ್ಲಿನ ಮರೆಯಲ್ಲಿ ಸೇರುತ್ತವೆ, ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಸುತ್ತ ನಿಂತ ನೂರು ಜನಕ್ಕೆ ಒಂದಕ್ಷರವೂ ತಿಳಿಯುವುದಿಲ್ಲ. ರಾತ್ರಿ ಪ್ರತಿ ಗುಂಪಿನ ಮುಂದೆ ಒಂದು ಬೆಂಕಿ, ಬೆಂಕಿಯ ಪಕ್ಕ ಮುದ್ದೆಯ ಪಾತ್ರೆ, ಅದರಾಚೆ ಮೆಲುಕು ಹಾಕುವ ಎತ್ತು. ಟ್ರ್ಯಾಕ್ಟರ್ ಬಂದ ಮೇಲೂ ಎತ್ತು ಕಟ್ಟುವವರು ಇದ್ದಾರೆಂಬುದು ನನಗೆ ದೊಡ್ಡ ಸಮಾಧಾನ. ಅವರು ಲಾಭ ನೋಡಿ ಕಟ್ಟುವುದಿಲ್ಲ, ಪ್ರೀತಿಗೆ ಕಟ್ಟುತ್ತಾರೆ. ದನಗಳಿಗೆ ರೋಗ ಹರಡಿದ ವರ್ಷ ಜಾತ್ರೆಗೆ ಅಡ್ಡಿ ಬರುವುದುಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಇದೇ ಹೊಳೆಯ ದಂಡೆಯ ಕಪ್ಪಡಿಯಲ್ಲಿ ರಾಚಪ್ಪಾಜಿಯ ಗದ್ದುಗೆಯಿದೆ. ಮಂಟೇಸ್ವಾಮಿ ಪರಂಪರೆಯ ಆ ಕ್ಷೇತ್ರದ ಜಾತ್ರೆ ಶಿವರಾತ್ರಿಗೆ ಶುರುವಾಗಿ ಯುಗಾದಿಯವರೆಗೆ ನಡೆಯುತ್ತದೆ. ಆ ಪರಂಪರೆಯ ಹಾಡುಗಾರರಾದ ನೀಲಗಾರರ ತಂಬೂರಿ ಕೇಳಬೇಕಾದವರು ಚಳಿ ಇಳಿದ ಮೇಲೆ ಇನ್ನೊಮ್ಮೆ ಬರಬೇಕು.

ಹುಣಸೂರಿಗೆ ಬರುವ ಹೊತ್ತಿಗೆ ನೆಲದ ಬಣ್ಣ ಬದಲಾಗುತ್ತದೆ. ಗದ್ದೆ ಬಯಲು ಹಿಂದೆ ಬಿದ್ದು ಕೆಂಪು ಹೊಲಗಳು, ಹೊಲದ ಅಂಚಿಗೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಬ್ಯಾರನ್ನುಗಳು ಕಾಣುತ್ತವೆ. ಮಳೆಗಾಲದಲ್ಲಿ ಮುರಿದು ಹದ ಮಾಡಿದ ಹೊಗೆಸೊಪ್ಪು ಚಳಿಗಾಲದಲ್ಲಿ ಹರಾಜಿಗೆ ಹೋಗುತ್ತದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ ಕಡೆಯ ಕಂಪಲಾಪುರದ ಹರಾಜು ಮಾರುಕಟ್ಟೆಗಳ ಮುಂದೆ ಬೇಲುಗಳನ್ನು ಹೇರಿಕೊಂಡ ವಾಹನಗಳು ಸಾಲುಗಟ್ಟಿರುತ್ತವೆ. ಮನೆ ಮನೆಯ ಜಗಲಿಯಲ್ಲಿ ಹೆಂಗಸರು ಬಣ್ಣ ನೋಡಿ ಎಲೆ ವಿಂಗಡಿಸುತ್ತಿರುತ್ತಾರೆ. ಈ ಬೆಳೆ ಆರೋಗ್ಯವನ್ನೂ ಕಾಡಿನ ಸೌದೆಯನ್ನೂ ತಿನ್ನುತ್ತದೆ. ಅದರ ಬದಲಿಗೆ ರೈತನಿಗೆ ಇನ್ನೊಂದು ನಂಬುಗೆಯ ಬೆಳೆ ಸಿಗಲಿ ಎಂಬುದೇ ನನ್ನ ಆಸೆ. ಆದರೆ ಈ ತಾಲ್ಲೂಕುಗಳ ಮದುವೆ, ಮನೆ, ನಾಟಕ ಎಲ್ಲದಕ್ಕೂ ದುಡ್ಡು ಹುಟ್ಟುವುದು ಹರಾಜಿನ ಆ ಕೆಲವು ವಾರಗಳಲ್ಲಿ ಎಂಬುದನ್ನು ಮರೆತು ಇಲ್ಲಿನ ಚಳಿಗಾಲದ ಬಗ್ಗೆ ಬರೆಯುವುದು ಆಗದ ಮಾತು.

ಹುಣಸೂರಿಗೂ ಚಳಿಗೂ ಹಳೆಯ ನಂಟಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಸರ್ಕಾರದ ಕಂಬಳಿ ಕಾರ್ಖಾನೆ, ತೊಗಲು ಹದ ಮಾಡುವ ಕಾರ್ಖಾನೆ, ಮರದ ಕೊಟ್ಟಿ ಇದ್ದವು. ಸೇನೆಯ ಬಂಡಿ ಎಳೆಯುವ ಅಮೃತಮಹಲ್ ಎತ್ತುಗಳ ದೊಡ್ಡ ಠಾಣ್ಯವೂ ಇದೇ ಊರಿನಲ್ಲಿತ್ತು. ಇವತ್ತು ಆ ಕಂಬಳಿಯ ಗುರುತು ಪೇಟೆಯಲ್ಲಿ ಇಲ್ಲ.

ಗುರುತು ಉಳಿದಿರುವುದು ನಾಟಕದ್ದು. ಕನ್ನಡ ಚಿತ್ರರಂಗಕ್ಕೆ 'ಸತ್ಯ ಹರಿಶ್ಚಂದ್ರ', 'ಭಕ್ತ ಕುಂಬಾರ', 'ಬಭ್ರುವಾಹನ' ಕೊಟ್ಟ ಹುಣಸೂರು ಕೃಷ್ಣಮೂರ್ತಿ ಈ ಊರಿನ ಹೆಸರನ್ನೇ ಹೊತ್ತು ಮೆರೆದವರು. 1914ರಲ್ಲಿ ಹುಟ್ಟಿದ ಅವರು ನಾಟಕ ಕಂಪನಿಗಳಲ್ಲಿ ಪಳಗಿ ಸಿನಿಮಾಕ್ಕೆ ಹೋದರು. ಅವರ ಪೌರಾಣಿಕ ಚಿತ್ರಗಳ ಮಾತಿನ ಗತ್ತು ಎಲ್ಲಿಂದ ಬಂತು ಎಂದು ತಿಳಿಯಬೇಕಾದವರು ಚಳಿಗಾಲದಲ್ಲಿ ಈ ಸುತ್ತಿನ ಯಾವುದಾದರೂ ಹಳ್ಳಿಗೆ ರಾತ್ರಿ ಊಟವಾದ ಮೇಲೆ ಹೋಗಬೇಕು. ರಾಮಮಂದಿರದಲ್ಲೋ ಶಾಲೆಯ ವರಾಂಡದಲ್ಲೋ 'ಕುರುಕ್ಷೇತ್ರ' ನಾಟಕದ ತಾಲೀಮು ನಡೆಯುತ್ತಿರುತ್ತದೆ. ಹಾರ್ಮೋನಿಯಂ ಮೇಷ್ಟ್ರು ನಡುವೆ ಕೂತಿರುತ್ತಾರೆ. ಹಗಲು ಟ್ರ್ಯಾಕ್ಟರ್ ಓಡಿಸಿದವನು ದುರ್ಯೋಧನ, ಹಾಲಿನ ಡೇರಿಯ ಕಾರ್ಯದರ್ಶಿ ಶಕುನಿ, ಪಂಚಾಯಿತಿಯ ನೀರುಗಂಟಿ ಕೃಷ್ಣ. ಪಾತ್ರಕ್ಕೆ ಇಷ್ಟು ಎಂದು ಪಾತ್ರಧಾರಿಗಳೇ ದುಡ್ಡು ಕಟ್ಟುತ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಆ ದುಡ್ಡಿನಲ್ಲಿ ಸೀನರಿ, ಉಡುಪು, ಬಣ್ಣ, ಮೇಷ್ಟ್ರ ಸಂಭಾವನೆ. ತಿಂಗಳುಗಟ್ಟಲೆ ತಾಲೀಮು, ಆಡುವುದು ಒಂದೇ ರಾತ್ರಿ. ರಾತ್ರಿ ಒಂಬತ್ತಕ್ಕೆ ಪರದೆ ಎದ್ದರೆ ಮುಗಿಯುವುದು ಬೆಳಗಾದ ಮೇಲೆ. ಕಂಬಳಿ ಹೊದ್ದು ಚಾಪೆ ಹಾಸಿಕೊಂಡು ಕೂತ ಅಜ್ಜಂದಿರಿಗೆ ಹಾಡುಗಳೆಲ್ಲ ಬಾಯಿಪಾಠ. ಪಾತ್ರಧಾರಿ ಒಂದು ಸಾಲು ತಪ್ಪಿದರೆ ಮುಂದಿನ ಸಾಲಿನಿಂದಲೇ ತಿದ್ದುತ್ತಾರೆ.

ದುಡಿದವನೇ ದುಡ್ಡು ಕೊಟ್ಟು ವೇಷ ಕಟ್ಟುವ ಈ ಪದ್ಧತಿಯನ್ನು ನಾನು ತುಂಬ ಗೌರವಿಸುತ್ತೇನೆ. ಸರ್ಕಾರದ ಅನುದಾನ ಇಲ್ಲದೆ, ಪ್ರಾಯೋಜಕರ ಬ್ಯಾನರ್ ಇಲ್ಲದೆ ಇಷ್ಟು ವರ್ಷ ನಿಂತ ರಂಗಭೂಮಿ ಇದು. ಎಲ್ಲಿ ಯಾವತ್ತು ನಾಟಕ ಎಂದು ತಿಳಿಯಲು ಹುಣಸೂರಿನ ಬಸ್ ನಿಲ್ದಾಣದ ಸುತ್ತಲ ಗೋಡೆ ನೋಡಿದರೆ ಸಾಕು. ಪಾತ್ರಧಾರಿಗಳ ಫೋಟೊ ಸಮೇತ ಪೋಸ್ಟರ್ ಅಂಟಿಸಿರುತ್ತಾರೆ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯನ್ನು ಹೆಸರಿಸದೆ ಮುಂದೆ ಹೋಗಲಾರೆ. ಒಂದು ಸಣ್ಣ ಹಳ್ಳಿ, ಒಂದು ವರ್ಷದ ಅಂತರದೊಳಗೆ ಹುಟ್ಟಿದ ಇಬ್ಬರು ಅಲ್ಲಿನವರು. 1915ರ ಆಗಸ್ಟ್‌ನಲ್ಲಿ ಡಿ. ದೇವರಾಜ ಅರಸು, 1916ರ ಜನವರಿ ಒಂದರಂದು ಮುಂದೆ ಚದುರಂಗ ಎಂಬ ಹೆಸರಿನಿಂದ ಬರೆದ ಸುಬ್ರಹ್ಮಣ್ಯರಾಜೇ ಅರಸು. ಒಬ್ಬರು ಮುಖ್ಯಮಂತ್ರಿಯಾಗಿ 1974ರಲ್ಲಿ ಉಳುವವನಿಗೇ ಹೊಲ ಎಂಬ ಕಾನೂನನ್ನು ಜಾರಿಗೆ ತಂದರು. ಇನ್ನೊಬ್ಬರು ಇದೇ ಸೀಮೆಯ ಹಳ್ಳಿಯ ಬದುಕನ್ನು 'ವೈಶಾಖ'ದಂಥ ಕಾದಂಬರಿಯಾಗಿ ಬರೆದರು. ಅದಕ್ಕೆ 1982ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನೆಲವಿಲ್ಲದವನ ಕಷ್ಟ ಇಬ್ಬರಿಗೂ ಎಳೆಯ ವಯಸ್ಸಿನಿಂದ ಕಣ್ಣೆದುರಿನದ್ದಾಗಿತ್ತು. ದಾರಿಯಲ್ಲಿ ಓದಲು ಒಂದು ಪುಸ್ತಕ ಜೊತೆಗಿರಲಿ ಎನ್ನುವವರಿಗೆ ನಾನು ಸೂಚಿಸುವುದು ಚದುರಂಗರನ್ನೇ.

ಹುಣಸೂರಿನಿಂದ ತೆಂಕಣ ದಾರಿ ಹಿಡಿದರೆ ಎಚ್.ಡಿ. ಕೋಟೆ. ಅದನ್ನು ಇನ್ನೊಂದು ದಿನಕ್ಕೆ ಇಡಿ ಎಂದದ್ದಕ್ಕೆ ಕಾರಣ ದೂರ ಮಾತ್ರ ಅಲ್ಲ. ಅಲ್ಲಿನ ಸಂಗತಿಗೆ ಬೇರೆಯೇ ಮನಸ್ಸು ಬೇಕು. ಪ್ರವಾಸಿಗರು ಕೋಟೆಗೆ ಹೋಗುವುದು ಹುಲಿ ನೋಡಲು, ಕಬಿನಿ ಹಿನ್ನೀರಿನ ರೆಸಾರ್ಟುಗಳಲ್ಲಿ ತಂಗಲು. ಅದೇ ಹಿನ್ನೀರಿನ ಕಡೆ ಕಾಕನಕೋಟೆಯ ಕಾಡಿದೆ. ಮೈಸೂರು ಅರಸರ ಕಾಲದಲ್ಲಿ ಆನೆ ಹಿಡಿಯುವ ಖೆಡ್ಡಾ ಅಲ್ಲಿ ನಡೆಯುತ್ತಿತ್ತು, ದೇಶ ವಿದೇಶದ ಅತಿಥಿಗಳು ನೋಡಲು ಬರುತ್ತಿದ್ದರು. 1971ರಲ್ಲಿ ನಡೆದದ್ದೇ ಕೊನೆಯದು. ಖೆಡ್ಡಾಕ್ಕೆ ಆನೆಯ ಜಾಡು ಹಿಡಿದು ಓಡಿಸಿದವರು ಕುರುಬರು. ಫೋಟೊಗಳಲ್ಲಿ ನಿಂತವರು ಅತಿಥಿಗಳು. ಮಾಸ್ತಿಯವರು ಆ ಕಾಡಿನ ಜನರನ್ನೇ ನಡುವೆ ಇಟ್ಟು 'ಕಾಕನಕೋಟೆ' ನಾಟಕ ಬರೆದರು. ಸಿ.ಆರ್. ಸಿಂಹ ಅದನ್ನು 1977ರಲ್ಲಿ ಸಿನಿಮಾ ಮಾಡಿದರು. ಅಷ್ಟರಲ್ಲಿ, 1974ರ ಹೊತ್ತಿಗೆ, ಕಬಿನಿ ಅಣೆಕಟ್ಟೆ ಮುಗಿದು ಕಪಿಲೆಯ ದಂಡೆಯ ಹಳ್ಳಿಗಳೂ ಕಾಡೂ ನೀರಿನಡಿ ಹೋಗಿದ್ದವು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಜೇನುಕುರುಬರು, ಬೆಟ್ಟಕುರುಬರು, ಯರವರು ಕಾಡಿನೊಳಗಿನ ಹಾಡಿ ಬಿಟ್ಟು ಅಂಚಿಗೆ ಬರಬೇಕಾಯಿತು.

ಈಗ ಹಾಡಿಗಳಲ್ಲಿ ಚಳಿಗಾಲದ ಸಂಜೆ ಬೆಂಕಿಯ ಸುತ್ತ ಹಾಡು ಇದ್ದೇ ಇದೆ. ಆದರೆ ದುಡ್ಡು ಕೊಟ್ಟು ಆ ಹಾಡು ಹೇಳಿಸಿ ವಿಡಿಯೊ ಮಾಡಿಕೊಂಡು ಬರುವ ಪ್ರವಾಸವನ್ನು ನಾನು ಒಪ್ಪುವುದಿಲ್ಲ. ಕರೆದರೆ ಹೋಗಬೇಕು, ಕೂತು ಕೇಳಬೇಕು, ಫೋನು ಜೇಬಿನಲ್ಲಿರಬೇಕು. ಅಲ್ಲಿನವರ ಮಾತು ಕೇಳಲು ಇನ್ನೊಂದು ದಾರಿಯೂ ಇದೆ. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ 'ಜನಧ್ವನಿ' ಸಮುದಾಯ ಬಾನುಲಿ 90.8ರಲ್ಲಿ ಬರುತ್ತದೆ. 1984ರಲ್ಲಿ ಕೆಲವು ವೈದ್ಯ ವಿದ್ಯಾರ್ಥಿಗಳು ಕಟ್ಟಿದ ಆ ಸಂಸ್ಥೆಯ ಆಸ್ಪತ್ರೆ, ಹೊಸಹಳ್ಳಿಯ ಆದಿವಾಸಿ ಮಕ್ಕಳ ಶಾಲೆ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಕೋಟೆಯ ದಾರಿಯಲ್ಲಿ ಬಾನುಲಿ ಹಾಕಿಕೊಂಡು ಹೋಗಿ. ಯಾವ ಮಾರ್ಗದರ್ಶಿ ಪುಸ್ತಕಕ್ಕಿಂತಲೂ ಅದೇ ಮೇಲು.

ಮೊದಲ ದಿನದ ದಾರಿಗೆ ಬರೋಣ. ಪಿರಿಯಾಪಟ್ಟಣ ಚಂಗಾಳ್ವ ಅರಸರು ಆಳಿದ ಊರು. ಕೋಟೆಯ ಅವಶೇಷಗಳಿವೆ. ಆದರೆ ಸಮಯ ಕಡಿಮೆ ಇದ್ದರೆ ನಾನು ಹೇಳುವುದು ಬೆಟ್ಟದಪುರ. ಸಂಕೇತಿ ಸಮುದಾಯದ ಹಳೆಯ ನೆಲೆಗಳಲ್ಲೊಂದಾದ ಆ ಊರಿನ ಬೆಟ್ಟದ ತುದಿಯಲ್ಲಿ ಸಿಡಿಲು ಮಲ್ಲಿಕಾರ್ಜುನನ ಗುಡಿ. ದೀಪಾವಳಿಯ ರಾತ್ರಿ ದೀವಟಿಗೆ ಹಿಡಿದು ಜನ ಬೆಟ್ಟ ಹತ್ತುತ್ತಾರೆ. ಮಾಗಿಯಲ್ಲಿ ಹತ್ತಲು ಇನ್ನೊಂದು ದಿನ ಬೆಳಗ್ಗೆಯೇ ಬರಬೇಕು, ಮೆಟ್ಟಿಲು ಸಾವಿರಗಟ್ಟಲೆ.

ಬೈಲಕುಪ್ಪೆಗೆ ಮಧ್ಯಾಹ್ನ ಮೂರರ ಹೊತ್ತಿಗೆ ಮುಟ್ಟಿದರೆ ಒಳ್ಳೆಯದು. ಹೆಚ್ಚಿನವರು ಬಂಗಾರದ ದೇವಸ್ಥಾನ ನೋಡಿ, ಫೋಟೊ ತೆಗೆದು, ಒಂದು ಪ್ಲೇಟ್ ಮೊಮೊ ತಿಂದು ಕೊಡಗಿನ ಕಡೆ ಹೊರಟುಬಿಡುತ್ತಾರೆ. ಇದು ಇಡೀ ಒಂದು ಸಂಜೆ ಬೇಡುವ ಊರು.

ಟಿಬೆಟ್ ಬಿಟ್ಟು ಬಂದವರ ಮೊದಲ ತಂಡ ಇಲ್ಲಿಗೆ ಕಾಲಿಟ್ಟದ್ದು 1960ರ ಕೊನೆಯಲ್ಲಿ, ಚಳಿಗಾಲದಲ್ಲೇ. ಮೈಸೂರು ರಾಜ್ಯ ಸರ್ಕಾರ ಕೊಟ್ಟ ಸುಮಾರು 3,000 ಎಕರೆ ನೆಲ ಆಗ ದಟ್ಟ ಕಾಡು. ಡೇರೆಯಲ್ಲಿದ್ದುಕೊಂಡು ಮರ ಕಡಿದು ಹೊಲ ಮಾಡಿದರು. ಹಿಮದ ನಾಡಿನಿಂದ ಬಂದವರಿಗೆ ಇಲ್ಲಿನ ಸೆಕೆಯೇ ಶತ್ರುವಾಯಿತು; ರಾತ್ರಿ ಆನೆಗಳು ಬರುತ್ತಿದ್ದವು. 1961ರಲ್ಲಿ ಲುಗ್‌ಸಮ್ ಸಮ್‌ಡುಪ್‌ಲಿಂಗ್ ಎಂಬ ಹೆಸರಿನಲ್ಲಿ ವಸತಿ ನೆಲೆಯಾಯಿತು, 1969ರಲ್ಲಿ ಡಿಕ್ಕಿ ಲಾರ್ಸೊ ಎಂಬ ಎರಡನೆಯದು ಸೇರಿತು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ 1972ರ ಸುಮಾರಿಗೆ ಇನ್ನೊಂದು. ಅಲ್ಲಿ ಗ್ಯುಮೆ ತಾಂತ್ರಿಕ ವಿದ್ಯಾಪೀಠವಿದೆ, ಪ್ರವಾಸಿಗರ ಸದ್ದಿಲ್ಲ.

1963ರಲ್ಲಿ ಪೆನೋರ್ ರಿಂಪೋಚೆ ನಾಮ್‌ಡ್ರೋಲಿಂಗ್ ಮಠ ಶುರು ಮಾಡಿದಾಗ ಅದು ಬಿದಿರಿನಿಂದ ಕಟ್ಟಿದ, ಸುಮಾರು ಎಂಬತ್ತು ಚದರಡಿಯ ಗುಡಿ. ಇವತ್ತು ಅಲ್ಲಿ ಸಾವಿರಾರು ಭಿಕ್ಷುಗಳು, ಭಿಕ್ಷುಣಿಯರು ಓದುತ್ತಾರೆ. 1999ರ ಸೆಪ್ಟೆಂಬರ್‌ನಲ್ಲಿ ದಲೈ ಲಾಮಾ ಉದ್ಘಾಟಿಸಿದ ಪದ್ಮಸಂಭವ ವಿಹಾರವೇ ನಮ್ಮ ಜನ ಬಂಗಾರದ ದೇವಸ್ಥಾನ ಎನ್ನುವುದು. ನಡುವೆ ಅರವತ್ತು ಅಡಿಯ ಬುದ್ಧ, ಎರಡು ಪಕ್ಕದಲ್ಲಿ ಪದ್ಮಸಂಭವ, ಅಮಿತಾಯು. ಪ್ರಾರ್ಥನೆಯ ಹೊತ್ತಿಗೆ ಹೋಗಿ ಹಿಂದಿನ ಗೋಡೆಗೆ ಒರಗಿ ನೆಲದ ಮೇಲೆ ಕೂರಬೇಕು. ಉದ್ದನೆಯ ಕಹಳೆಗಳ ಸದ್ದು ಕಿವಿಗಿಂತ ಮೊದಲು ಎದೆಗೆ ತಟ್ಟುತ್ತದೆ. ಸಣ್ಣ ಹುಡುಗರು ದೊಡ್ಡ ಕೆಟಲಿನಿಂದ ಸಾಲಿನುದ್ದಕ್ಕೂ ಟೀ ಸುರಿಯುತ್ತ ಓಡುತ್ತಾರೆ, ಮಂತ್ರ ನಿಲ್ಲುವುದಿಲ್ಲ. ನಮ್ಮ ದೇವಸ್ಥಾನಗಳ ಗಲಾಟೆಗೆ ಒಗ್ಗಿದವರಿಗೂ ಇಲ್ಲಿ ಸುಮ್ಮನೆ ಕೂರುವುದು ಕಷ್ಟವಾಗುವುದಿಲ್ಲ.

ಅಲ್ಲಿಂದ ಸೇರಾ ಮಠಕ್ಕೆ ಆಟೊದಲ್ಲಿ ಹೋಗಿ. ಲ್ಹಾಸಾದಲ್ಲಿ 1419ರಲ್ಲಿ ಹುಟ್ಟಿದ ಆ ವಿದ್ಯಾಪೀಠವನ್ನು 1970ರ ಸುಮಾರಿಗೆ ಇಲ್ಲಿ ಮತ್ತೆ ಕಟ್ಟಿದರು. ಸಂಜೆ ಅಂಗಳದಲ್ಲಿ ತರ್ಕದ ಪಾಠ ನಡೆಯುತ್ತದೆ. ಒಬ್ಬ ಕೂತಿರುತ್ತಾನೆ, ಒಬ್ಬ ನಿಂತು ಪ್ರಶ್ನೆ ಎಸೆಯುತ್ತಾನೆ. ಪ್ರಶ್ನೆ ಮುಗಿಯುವಾಗ ಕಾಲು ನೆಲಕ್ಕೆ ಕುಟ್ಟಿ, ಅಂಗೈಗೆ ಅಂಗೈ ಹೊಡೆಯುತ್ತಾನೆ. ನೂರಾರು ಜೋಡಿಗಳ ಚಪ್ಪಾಳೆ, ಕೂಗು, ನಗು. ಜ್ಞಾನಕ್ಕಾಗಿ ಇಷ್ಟು ಜೋರಾಗಿ, ಇಷ್ಟು ಸಂತೋಷವಾಗಿ ಜಗಳವಾಡುವ ಅಂಗಳವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾಲೇಜು ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಮೇಷ್ಟ್ರುಗಳು ಬಂಗಾರದ ದೇವಸ್ಥಾನ ಬಿಟ್ಟರೂ ಇದನ್ನು ಬಿಡಬಾರದು.

ಕತ್ತಲಾದ ಮೇಲೆ ಥುಕ್ಪಾ. ಉದ್ದನೆಯ ಶಾವಿಗೆ, ತರಕಾರಿ ಅಥವಾ ಮಾಂಸದ ಬಿಸಿ ಸಾರು, ಬೋಗುಣಿಯ ತುಂಬ. ಜೊತೆಗೆ ಹಬೆಯಲ್ಲಿ ಬೇಯಿಸಿದ ಟಿಂಗ್‌ಮೊ. ಬೆಣ್ಣೆ ಉಪ್ಪು ಹಾಕಿ ಕಡೆದ ಟೀಯನ್ನು ಟೀ ಎಂದುಕೊಂಡು ಕುಡಿದರೆ ಹಿಡಿಸುವುದಿಲ್ಲ, ಸಾರು ಎಂದುಕೊಂಡು ಕುಡಿಯಬೇಕು. ಬಾರ್ಲಿಯನ್ನು ಹುರಿದು ಬೀಸಿದ ತ್ಸಾಂಪಾ ನಮ್ಮ ಹುರಿಹಿಟ್ಟಿನ ಅಣ್ಣತಮ್ಮನೇ. ಸಣ್ಣ ಹೋಟೆಲುಗಳನ್ನು ನಡೆಸುವ ಟಿಬೆಟನ್ ಹೆಂಗಸರು ಕನ್ನಡ ಚೆನ್ನಾಗಿ ಮಾತಾಡುತ್ತಾರೆ. 'ಅಕ್ಕ, ಖಾರ ಕಮ್ಮಿ' ಎಂದರೆ 'ಚಳಿಗೆ ಖಾರ ಬೇಕು ಅಣ್ಣ' ಎಂಬ ಉತ್ತರ ಸಿಗುತ್ತದೆ.

ಚಳಿಗಾಲದಲ್ಲಿ ಇಲ್ಲಿನ ಬೀದಿಗಳಲ್ಲಿ ಕೆಲವು ಮನೆಗೆ ಬೀಗ ಹಾಕಿರುವುದನ್ನು ಗಮನಿಸಬಹುದು. ಅಕ್ಟೋಬರ್ ದಾಟಿದ ಮೇಲೆ ಬಹಳಷ್ಟು ಕುಟುಂಬಗಳು ಸ್ವೆಟರ್ ಮಾರಲು ದೇಶದ ಬೇರೆ ಬೇರೆ ಊರುಗಳಿಗೆ ಹೋಗುತ್ತವೆ. ನಮ್ಮ ನಗರಗಳ ಮೈದಾನದ ಅಂಚಿಗೆ ಸಾಲು ಅಂಗಡಿ ಹಾಕಿ ನಮಗೆ ಬೆಚ್ಚನೆಯ ಬಟ್ಟೆ ಮಾರುವವರಲ್ಲಿ ಬೈಲಕುಪ್ಪೆಯವರೂ ಇದ್ದಾರೆ. ಇನ್ನು ಕೆಲವು ಬೀಗಗಳು ಹೊಸ ವರ್ಷಕ್ಕೂ ತೆರೆಯುವುದಿಲ್ಲ. ಇಲ್ಲಿ ಹುಟ್ಟಿ ಬೆಳೆದ ಎಷ್ಟೋ ಯುವಕರು ಯುರೋಪ್, ಅಮೆರಿಕ, ಕೆನಡಾಗಳಿಗೆ ಹೋಗಿ ನೆಲೆಸಿದ್ದಾರೆ. ಸ್ವಿಟ್ಜರ್ಲೆಂಡ್ 1960ರ ದಶಕದಲ್ಲೇ ಸುಮಾರು ಸಾವಿರ ಟಿಬೆಟನ್ನರಿಗೆ ಜಾಗ ಕೊಟ್ಟಿತು, ಅಲ್ಲಿನ ರಿಕೋನ್ ಊರಿನಲ್ಲಿ ಆಗಲೇ ಒಂದು ಮಠವೂ ಎದ್ದಿತು. ಅಜ್ಜಿ ಬೈಲಕುಪ್ಪೆಯಲ್ಲಿ ದೀಪ ಹಚ್ಚುತ್ತಾಳೆ, ಮೊಮ್ಮಗ ಹಿಮ ಬೀಳುವ ಊರಿನ ಕೋಣೆಯಲ್ಲಿ ಥುಕ್ಪಾ ಮಾಡಿಕೊಳ್ಳುತ್ತಾನೆ, ಇಬ್ಬರೂ ಫೋನಿನಲ್ಲಿ ಮುಖ ನೋಡಿಕೊಳ್ಳುತ್ತಾರೆ. ನಮ್ಮ ಹಳ್ಳಿಯ ಎಷ್ಟೋ ಮನೆಗಳ ಕಥೆಯೂ ಈಗ ಇದೇ ತಾನೆ.

ಸ್ವೆಟರ್ ವ್ಯಾಪಾರ ಮುಗಿಸಿದವರು ಲೋಸರ್ ಹೊತ್ತಿಗೆ ಮನೆಗೆ ಬರುತ್ತಾರೆ. ಟಿಬೆಟನ್ನರ ಹೊಸ ವರ್ಷವಾದ ಲೋಸರ್ ಸಾಮಾನ್ಯವಾಗಿ ಫೆಬ್ರುವರಿಯಲ್ಲಿ, ಇಲ್ಲವೇ ಮಾರ್ಚ್ ಮೊದಲಲ್ಲಿ ಬರುತ್ತದೆ. ಹಳೆಯ ವರ್ಷ ಮುಗಿಯುವ ಮುನ್ನ, ಕೊನೆಯ ತಿಂಗಳ ಇಪ್ಪತ್ತೊಂಬತ್ತನೆಯ ದಿನದ ರಾತ್ರಿ, ಮನೆಯವರೆಲ್ಲ ಕೂತು ಗುಥುಕ್ ಎಂಬ ಸಾರು ಕುಡಿಯುತ್ತಾರೆ. ಅದರೊಳಗಿನ ದೊಡ್ಡ ಹಿಟ್ಟಿನುಂಡೆಗಳಲ್ಲಿ ಒಂದೊಂದು ವಸ್ತು ಅಡಗಿರುತ್ತದೆ. ಮೆಣಸಿನಕಾಯಿ ಸಿಕ್ಕವರು ಬಾಯಾಳಿ, ಇದ್ದಿಲು ಸಿಕ್ಕವರ ಮನಸ್ಸು ಕಪ್ಪು, ಉಣ್ಣೆ ಸಿಕ್ಕವರು ಮೃದು ಹೃದಯದವರು. ಯಾರಿಗೆ ಏನು ಸಿಕ್ಕಿತೆಂದು ನಕ್ಕು ನಕ್ಕು ಸುಸ್ತಾಗುವ ರಾತ್ರಿ ಅದು. ಲೋಸರ್ ಆಸುಪಾಸಿನ ದಿನಗಳಲ್ಲಿ ನಾಮ್‌ಡ್ರೋಲಿಂಗ್ ಅಂಗಳದಲ್ಲಿ ಮುಖವಾಡ ಧರಿಸಿದ ಭಿಕ್ಷುಗಳ ಚಾಮ್ ಕುಣಿತ ನಡೆಯುತ್ತದೆ. ಸುತ್ತಲ ಹಳ್ಳಿಗಳ ಕನ್ನಡದ ಜನರೂ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಬರುತ್ತಾರೆ. ಭಾರತೀಯರಿಗೆ ಇಲ್ಲಿ ಅನುಮತಿ ಪತ್ರದ ಅಗತ್ಯವಿಲ್ಲ. ವಿದೇಶಿ ಸ್ನೇಹಿತರು ಜೊತೆಗಿದ್ದರೆ, ಅವರು ರಾತ್ರಿ ತಂಗಬೇಕಾದರೆ, ಮೊದಲೇ ಅನುಮತಿ ಪಡೆದಿರಬೇಕು. ಮೈಸೂರಿನಿಂದ ಮಡಿಕೇರಿ ಕಡೆಯ ಬಸ್ ಹತ್ತಿ ಕುಶಾಲನಗರಕ್ಕೆ ಮುಂಚೆ ಕೊಪ್ಪದಲ್ಲಿ ಇಳಿದರೆ ಮಠಕ್ಕೆ ಆಟೊಗಳು ಕಾದು ನಿಂತಿರುತ್ತವೆ.